ಹಾಸಿಗೆ ಹುಣ್ಣು ಹುಟ್ಟುವುದು ಹಾಸಿಗೆಗೆ ಬರುವ ಮೊದಲೇ
ಗೋವೆಯ ಐಸಿಯು ನರ್ಸ್‌ಗಳಿಗೂ, ಬಾಗಿಲ ಹೊರಗೆ ಕಾಯುವ ಮನೆಯವರಿಗೂ ಕೆಲವು ಮಾತು

ವೆಂಟಿಲೇಟರ್ ತೆಗೆದಿದ್ದಾರೆ, ರೋಗಿ ಕಣ್ಣು ಬಿಟ್ಟಿದ್ದಾನೆ, ಗಂಡಾಂತರ ದಾಟಿತು ಎಂದು ಡಾಕ್ಟರು ಹೇಳಿ ಹೋಗಿದ್ದಾರೆ. ಅದೇ ಸಂಜೆ ಸಿಸ್ಟರ್ ಹೊರಗೆ ಬಂದು ಮನೆಯವರಿಗೆ ಇನ್ನೊಂದು ಸುದ್ದಿ ಹೇಳುತ್ತಾರೆ: ಬೆನ್ನಿನ ಬುಡದಲ್ಲಿ ಚರ್ಮ ನೇರಳೆಗೆ ತಿರುಗಿದೆ, ಹುಣ್ಣಾಗುವ ಹಾಗಿದೆ. "ಇಷ್ಟು ದೊಡ್ಡ ಐಸಿಯು, ಮಗ್ಗುಲು ಬದಲಿಸುವವರೇ ಇರಲಿಲ್ಲವೇ?" ಎಂದು ಮನೆಯವರು. "ಎರಡು ತಾಸಿಗೊಮ್ಮೆ ತಿರುಗಿಸಿದ್ದೇವೆ, ಬೇಕಾದರೆ ಚಾರ್ಟ್ ನೋಡಿ" ಎಂದು ಸಿಸ್ಟರ್. ಯಾವ ಊರಿನ ಯಾವ ದೊಡ್ಡ ಆಸ್ಪತ್ರೆಯಲ್ಲಾದರೂ ನಡೆಯಬಹುದಾದ ಜಗಳ ಇದು. ಇಬ್ಬರೂ ನಿಜವನ್ನೇ ಹೇಳುತ್ತಿರುವ ಸಾಧ್ಯತೆ ಇದೆ.

ಒತ್ತಡದಿಂದ ಮಾಂಸದ ಆಳದಲ್ಲಿ ಆದ ಪೆಟ್ಟು ಚರ್ಮದ ಮೇಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 48ರಿಂದ 72 ತಾಸು ಹಿಡಿಯುತ್ತದೆ. ಗುರುವಾರ ಕಂಡ ಕಲೆ ಸೋಮವಾರದ್ದಾಗಿರಬಹುದು. ಸೋಮವಾರ ಆ ರೋಗಿ ಎಲ್ಲಿದ್ದ? ರಸ್ತೆ ಬದಿಯಲ್ಲಿ, ಆಂಬುಲೆನ್ಸಿನ ಸ್ಟ್ರೆಚರ್ ಮೇಲೆ, ಕ್ಯಾಶುಯಲ್ಟಿಯ ಟ್ರಾಲಿಯಲ್ಲಿ, ಸಿಟಿ ಸ್ಕ್ಯಾನ್ ಬಾಗಿಲಲ್ಲಿ, ಆಪರೇಷನ್ ಟೇಬಲ್ ಮೇಲೆ. ಎಲ್ಲ ಕಡೆಯೂ ಅಂಗಾತ, ಎಲ್ಲ ಕಡೆಯೂ ಗಟ್ಟಿ ಹಲಗೆ.

ಉತ್ತರ ಕನ್ನಡದವರಿಗೆ ಈ ಲೆಕ್ಕ ಬೇರೆಯವರಿಗಿಂತ ಹೆಚ್ಚು ಅನ್ವಯಿಸುತ್ತದೆ. ಕಾರವಾರ, ಅಂಕೋಲೆ ಕಡೆ ದೊಡ್ಡ ಅಪಘಾತವಾದರೆ ಆಂಬುಲೆನ್ಸಿನ ಮೂತಿ ತಿರುಗುವುದು ಬಹುಮಟ್ಟಿಗೆ ಉತ್ತರಕ್ಕೆ, ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಕಡೆಗೆ. 1842ರಲ್ಲಿ ಪೋರ್ಚುಗೀಸರ ಕಾಲದಲ್ಲಿ ವೈದ್ಯಶಾಲೆಯಾಗಿ ಶುರುವಾದ ಸಂಸ್ಥೆ ಅದು. 2021ರ ಜನವರಿಯಲ್ಲಿ ಅಂಕೋಲೆ ಬಳಿ ಕೇಂದ್ರ ಸಚಿವ ಶ್ರೀಪಾದ ನಾಯಕ್ ಅವರ ಕಾರು ಅಪಘಾತಕ್ಕೀಡಾದಾಗ ಅವರನ್ನೂ ಒಯ್ದದ್ದು ಅಲ್ಲಿಗೇ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ ವರ್ಷಗಳಿಂದ ಕೂಗುತ್ತಿರುವುದು ಸುಮ್ಮನೆ ಅಲ್ಲ. ಕಾರವಾರದಿಂದ ಬಾಂಬೋಳಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನೂರು ಕಿಲೋಮೀಟರಿನ ಸನಿಹ. ಕಾಣಕೋಣದ ಘಟ್ಟ, ಮಡಗಾಂವ, ಜುವಾರಿ ಸೇತುವೆ ಎಲ್ಲ ದಾಟಬೇಕು. ಹೊರಡುವ ಮೊದಲು ಕಾರವಾರದಲ್ಲೋ ಅಂಕೋಲೆಯಲ್ಲೋ ಪ್ರಥಮ ಚಿಕಿತ್ಸೆಗೆ ಒಂದೆರಡು ತಾಸು. ಮುಟ್ಟಿದ ಮೇಲೆ ಸ್ಕ್ಯಾನ್, ಎಕ್ಸ್-ರೇ, ಆಪರೇಷನ್. ಐಸಿಯು ಹಾಸಿಗೆ ಸಿಗುವ ಹೊತ್ತಿಗೆ ಒಂದೇ ಭಂಗಿಯಲ್ಲಿ ಅರ್ಧ ದಿನ ಕಳೆದಿರುತ್ತದೆ.

ಆದ್ದರಿಂದ ಹಾಸಿಗೆ ಹುಣ್ಣು ತಡೆಯುವ ಗಡಿಯಾರವನ್ನು ರೋಗಿ ಐಸಿಯುಗೆ ಬಂದ ಹೊತ್ತಿನಿಂದ ಓಡಿಸಬೇಡಿ. ಅವನು ಬಿದ್ದ ಹೊತ್ತಿನಿಂದ ಓಡಿಸಿ. ಮುಂದೆ ಹೇಳುವ ಕ್ರಮಗಳಿಗೆಲ್ಲ ಇದೇ ತಳಹದಿ.

ಏಕೆ ಆಗುತ್ತದೆ?

ಚರ್ಮಕ್ಕೂ ಸ್ನಾಯುವಿಗೂ ರಕ್ತ ಒಯ್ಯುವ ಅತಿ ಸಣ್ಣ ನಾಳಗಳೊಳಗಿನ ಒತ್ತಡ ತೀರಾ ಕಡಿಮೆ. 1930ರಲ್ಲಿ ಅಳೆದಾಗ ರಕ್ತ ಒಳಬರುವ ತುದಿಯಲ್ಲಿ ಸಿಕ್ಕ ಸರಾಸರಿ ಪಾದರಸದ 32 ಮಿಲಿಮೀಟರ್. ಹೊರಗಿನ ಒತ್ತಡ ಅದನ್ನು ಮೀರಿ ತಾಸುಗಟ್ಟಲೆ ನಿಂತರೆ ರಕ್ತ ಹರಿಯುವುದಿಲ್ಲ. ಗಟ್ಟಿ ಹಲಗೆಯ ಮೇಲೆ ಅಂಗಾತ ಮಲಗಿದವರ ಬೆನ್ನಿನ ಬುಡದಲ್ಲಿ, ಹಿಮ್ಮಡಿಯಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಒತ್ತಡ ಬೀಳುತ್ತದೆ. ಆರೋಗ್ಯವಂತರು ನಿದ್ದೆಯಲ್ಲೂ ಹೊರಳಾಡುತ್ತಾರೆ, ಹಾಗಾಗಿ ಏನೂ ಆಗುವುದಿಲ್ಲ. ನಿದ್ದೆಯ ಔಷಧ ಕೊಟ್ಟು ಮಲಗಿಸಿದವನಿಗೆ ಹೊರಳಲೂ ಆಗದು, ನೋಯುತ್ತಿದೆ ಎನ್ನಲೂ ಆಗದು.

ಒತ್ತಡ ಹೆಚ್ಚು ಬೀಳುವುದು ಚರ್ಮದ ಮೇಲಲ್ಲ, ಮೂಳೆಗೆ ಅಂಟಿಕೊಂಡ ಮಾಂಸದ ಮೇಲೆ. ಸ್ನಾಯು ಚರ್ಮಕ್ಕಿಂತ ಬೇಗ ಸಾಯುತ್ತದೆ. ಅದಕ್ಕೇ ಮೇಲೆ ರೂಪಾಯಿಯಷ್ಟು ಕಂಡ ಕಲೆ, ಬಿಚ್ಚಿಕೊಂಡಾಗ ಅಂಗೈಯಷ್ಟು ಅಗಲದ ಗುಳಿಯಾಗುವುದು.

ಇನ್ನೊಂದು ಶತ್ರು ಒಳಗೊಳಗಿನ ಎಳೆತ. ನಿಮ್ಮ ಮುಂಗೈ ಮೇಲೆ ಎರಡು ಬೆರಳು ಒತ್ತಿ, ಚರ್ಮ ಬಿಡದೆ ಪಕ್ಕಕ್ಕೆ ತಳ್ಳಿ ನೋಡಿ. ಚರ್ಮ ಒಂದು ಕಡೆ, ಮೂಳೆ ಇನ್ನೊಂದು ಕಡೆ, ನಡುವಿನ ನಾಳಗಳು ಜಗ್ಗಿ ತಿರುಚಿಕೊಳ್ಳುತ್ತವೆ. ಮಂಚದ ತಲೆಭಾಗ ಎತ್ತಿದಾಗ ರೋಗಿ ನಿಧಾನವಾಗಿ ಕೆಳಗೆ ಜಾರುತ್ತಾನಲ್ಲ, ಆಗ ಬೆನ್ನಿನ ಬುಡದಲ್ಲಿ ಆಗುವುದು ಇದೇ.

ಐಸಿಯು ರೋಗಿಗೆ ಇವುಗಳ ಜೊತೆ ಇನ್ನಷ್ಟು ಸೇರುತ್ತವೆ. ಬಿಪಿ ಕುಸಿದಿರುತ್ತದೆ. ಅದನ್ನು ಎತ್ತಲು ಹಾಕುವ ನಾರಡ್ರಿನಲಿನ್ ಮಿದುಳು, ಹೃದಯಗಳಿಗೆ ರಕ್ತ ಉಳಿಸಲು ಕೈಕಾಲು, ಚರ್ಮದ ನಾಳಗಳನ್ನು ಬಿಗಿಯುತ್ತದೆ. ಜ್ವರ, ಬೆವರು, ಭೇದಿ, ಬಾವು, ಮೈತುಂಬ ನಳಿಗೆಗಳು. ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಕೆಲವರಿಗೆ ಹುಣ್ಣಾಗಿಯೇ ತೀರುತ್ತದೆ ಎಂಬುದನ್ನು ಈಗ ತಜ್ಞರು ಒಪ್ಪುತ್ತಾರೆ. 1859ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹಾಸಿಗೆ ಹುಣ್ಣಿಗೆ ಸಾಮಾನ್ಯವಾಗಿ ರೋಗವಲ್ಲ, ಆರೈಕೆಯೇ ಹೊಣೆ ಎಂದು ಬರೆದಿದ್ದರು. ಅವರ ಕಾಲಕ್ಕೆ ವೆಂಟಿಲೇಟರೂ ಇರಲಿಲ್ಲ, ನಾರಡ್ರಿನಲಿನ್ನೂ ಇರಲಿಲ್ಲ. ಆದರೂ ಆ ಮಾತನ್ನು ಪೂರ್ತಿ ತಳ್ಳಿಹಾಕುವ ಧೈರ್ಯ ನನಗಿಲ್ಲ. ತಡೆಯಬಹುದಾದ ಹುಣ್ಣುಗಳೇ ಹೆಚ್ಚು.

ಮಾಡಬೇಕಾದದ್ದು

1. ಬಂದ ಕೂಡಲೇ ಬೆನ್ನು ನೋಡಿ. ರೋಗಿಯನ್ನು ಟ್ರಾಲಿಯಿಂದ ಮಂಚಕ್ಕೆ ಹಾಕುವ ಗಳಿಗೆಯೇ ಸರಿಯಾದ ಗಳಿಗೆ. ನಾಲ್ಕು ಜನ ಹೇಗೂ ಸೇರಿರುತ್ತೀರಿ, ಲಾಗ್ ರೋಲ್ (ಮೈ ತಿರುಚದೆ ದಿಮ್ಮಿಯಂತೆ ಹೊರಳಿಸುವುದು) ಹೇಗೂ ಮಾಡುತ್ತೀರಿ. ಸ್ಪೈನ್ ಬೋರ್ಡ್ ಇದ್ದರೆ ಡಾಕ್ಟರ ಒಪ್ಪಿಗೆ ಸಿಕ್ಕ ಕೂಡಲೇ ತೆಗೆಯಿರಿ. ಅದು ಸಾಗಿಸಲು ಇರುವ ಹಲಗೆ, ಮಲಗಿಸಲು ಅಲ್ಲ. ತಲೆಯ ಹಿಂಭಾಗ, ಭುಜದ ಮೂಳೆ, ಮೊಣಕೈ, ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿ, ಕಾಲ್ಗಂಟು ಇವಿಷ್ಟನ್ನೂ ನೋಡಿ. ಬಟ್ಟೆಯೊಳಗೆ ಸಿಕ್ಕಿಕೊಂಡ ಗಾಜಿನ ಚೂರು, ಬೆಲ್ಟಿನ ಬಕಲ್, ಪ್ಯಾಂಟಿನ ಜೇಬಿನ ಮೊಬೈಲು, ಬೀಗದ ಕೈ ಎಲ್ಲ ತೆಗೆಯಿರಿ. ಅಪಘಾತದ ರೋಗಿಯ ಹಿಂಜೇಬಿನಲ್ಲಿ ಏನೇನಿರುತ್ತದೆ ಎಂದು ಹೇಳಲಾಗದು.

ಆಮೇಲೆ ಕರೆತಂದವರನ್ನು ಮೂರು ಪ್ರಶ್ನೆ ಕೇಳಿ: ಎಷ್ಟು ಹೊತ್ತಿಗೆ ಬಿದ್ದದ್ದು, ದಾರಿಯಲ್ಲಿ ಎಷ್ಟು ತಾಸು, ಮಧ್ಯೆ ಯಾರಾದರೂ ಮಗ್ಗುಲು ಬದಲಿಸಿದ್ದರೇ? ಉತ್ತರವನ್ನು ದಾಖಲೆಯಲ್ಲಿ ಬರೆಯಿರಿ. ಆಪರೇಷನ್ ಆಗಿದ್ದರೆ ಟೇಬಲ್ ಮೇಲಿದ್ದ ತಾಸುಗಳನ್ನೂ ಸೇರಿಸಿ. ಕಲೆ ಇದ್ದರೆ ಜಾಗ, ಅಳತೆ, ಬಣ್ಣ ಎಲ್ಲ ಬರೆದು, ಆಸ್ಪತ್ರೆಯ ನಿಯಮ ಒಪ್ಪಿದರೆ ಫೋಟೋ ತೆಗೆಯಿರಿ, ಮನೆಯವರಿಗೂ ಅಂದೇ ಹೇಳಿ. ನಾಲ್ಕನೆಯ ದಿನದ ಜಗಳ ಮೊದಲ ದಿನದ ಈ ಐದು ನಿಮಿಷದಲ್ಲಿ ತಪ್ಪುತ್ತದೆ. ಹೇಳಬೇಕಾದ ಮುಖ್ಯ ಸಂಗತಿ ಅದಲ್ಲ, ಬಿಡಿ: ಎಂಟು ತಾಸು ಅಂಗಾತ ಕಳೆದು ಬಂದವನನ್ನು ಮತ್ತೆ ಅಂಗಾತವೇ ಮಲಗಿಸಬಾರದು ಎಂದು ನಿಮಗೆ ಗೊತ್ತಾಗುವುದು ಈ ಪ್ರಶ್ನೆಗಳಿಂದಲೇ.

2. ಕಣ್ಣಿಗಿಂತ ಬೆರಳನ್ನು ನಂಬಿ. ಪುಸ್ತಕದಲ್ಲಿ ಮೊದಲ ಹಂತ ಎಂದರೆ ಕೆಂಪು. ಬೆರಳಿನಿಂದ ಒತ್ತಿ ಮೂರು ಸೆಕೆಂಡು ಹಿಡಿದು ಬಿಟ್ಟಾಗ ಜಾಗ ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಹರಿಯುತ್ತಿದೆ. ಒತ್ತಿದರೂ ಕೆಂಪು ಮಾಸದಿದ್ದರೆ ಹುಣ್ಣು ಶುರುವಾಗಿದೆ. ಆದರೆ ಪುಸ್ತಕದ ಚಿತ್ರಗಳು ಹೆಚ್ಚಾಗಿ ಬಿಳಿ ಚರ್ಮದವು. ನಮ್ಮ ಕಪ್ಪು, ಎಣ್ಣೆಗಪ್ಪು ಮೈಬಣ್ಣದಲ್ಲಿ ಕೆಂಪು ಸುಲಭವಾಗಿ ಕಾಣುವುದಿಲ್ಲ, ಕಂಡಾಗ ತಡವಾಗಿರುತ್ತದೆ. ಹಾಗಾಗಿ ಪಕ್ಕದ ಚರ್ಮಕ್ಕೆ ಹೋಲಿಸಿ ಮುಟ್ಟಿ ನೋಡಿ. ಬಿಸಿಯೋ ತಣ್ಣಗೋ, ಗಟ್ಟಿಯೋ ಮೆತ್ತಗೋ, ಬಿಗಿದು ಹೊಳೆಯುತ್ತಿದೆಯೋ, ಎಚ್ಚರ ಇರುವವರಾದರೆ ನೋಯುತ್ತದೆಯೋ? ಟಾರ್ಚ್ ಬೆಳಕು ಓರೆಯಾಗಿ ಬಿಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಪ್ರತಿ ಪಾಳಿಯಲ್ಲೂ ಒಮ್ಮೆಯಾದರೂ ಹೀಗೆ ನೋಡಬೇಕು.

3. ಬ್ರೇಡನ್ ಅಂಕ ಹಾಕಿ, ಅಲ್ಲಿಗೇ ನಿಲ್ಲಬೇಡಿ. 1987ರಲ್ಲಿ ಬಂದ, ಹುಣ್ಣಿನ ಅಪಾಯ ಅಳೆಯುವ ಈ ಅಳತೆಗೋಲು ಆರು ವಿಷಯ ನೋಡುತ್ತದೆ: ಸ್ಪರ್ಶದ ಅರಿವು, ತೇವ, ಓಡಾಟ, ಮೈ ಕದಲಿಸುವ ಶಕ್ತಿ, ಆಹಾರ, ತಿಕ್ಕಾಟ ಮತ್ತು ಎಳೆತ. ಒಟ್ಟು 6ರಿಂದ 23. ಅಂಕ 18 ಅಥವಾ ಅದಕ್ಕಿಂತ ಕಡಿಮೆಯಾದರೆ ಅಪಾಯ. ತೊಂದರೆ ಏನೆಂದರೆ ಐಸಿಯುನಲ್ಲಿ ಹೆಚ್ಚು ಕಡಿಮೆ ಎಲ್ಲರೂ 18ರ ಕೆಳಗೇ. ಎಲ್ಲರ ಹೆಸರ ಮುಂದೂ ಅಪಾಯ ಎಂದು ಬರೆದರೆ ಯಾರಿಗೂ ಬರೆಯದ ಹಾಗೆ. ಒಟ್ಟು ಅಂಕ ಬಿಟ್ಟು ಬಿಡಿ ಅಂಕ ನೋಡಿ. ತೇವದಲ್ಲಿ 1 ಬಿದ್ದವನಿಗೆ ಬೇಕಾದದ್ದು ಬೇರೆ, ಆಹಾರದಲ್ಲಿ 1 ಬಿದ್ದವನಿಗೆ ಬೇಕಾದದ್ದು ಬೇರೆ. ನಾರಡ್ರಿನಲಿನ್ ಹೆಚ್ಚಿದೆಯೇ, ಸಕ್ಕರೆ ಕಾಯಿಲೆ ಇದೆಯೇ ಎಂಬುದನ್ನು ಬ್ರೇಡನ್ ಕೇಳುವುದಿಲ್ಲ. ಅದನ್ನು ನೀವೇ ಕೇಳಿಕೊಳ್ಳಬೇಕು.

4. ತಿರುಗಿಸಿ, ಆದರೆ ಪೂರ್ತಿ ಮಗ್ಗುಲಿಗಲ್ಲ. ಎರಡು ತಾಸಿಗೊಮ್ಮೆ ಎಂಬ ಲೆಕ್ಕ 1960ರ ದಶಕದಿಂದ ನಡೆದು ಬಂದದ್ದು. ಇಂಗ್ಲೆಂಡಿನ ನರ್ಸ್ ಡೊರೀನ್ ನಾರ್ಟನ್ ಮತ್ತು ಸಂಗಡಿಗರು 1962ರಲ್ಲಿ ಪ್ರಕಟಿಸಿದ ಅಧ್ಯಯನದ ನಂತರ ಅದು ಎಲ್ಲೆಡೆ ಹರಡಿತು. ಸಾಮಾನ್ಯ ಹಾಸಿಗೆಯ ಮೇಲಿನ ಐಸಿಯು ರೋಗಿಗೆ ಅದು ಈಗಲೂ ಒಳ್ಳೆಯ ಆರಂಭ. ಆದರೆ ತಿರುಗಿಸಿದ ಎರಡನೇ ತಾಸಿಗೆ ಚರ್ಮ ಕೆಂಪಾಗಿ ಮಾಸದಿದ್ದರೆ ಆ ರೋಗಿಗೆ ಎರಡು ತಾಸು ಹೆಚ್ಚಾಯಿತು ಎಂದೇ ಅರ್ಥ, ಒಂದೂವರೆಗೆ ಇಳಿಸಿ. ಒಳ್ಳೆಯ ಏರ್ ಬೆಡ್ ಮೇಲೆ ಚರ್ಮ ಚೆನ್ನಾಗಿದ್ದರೆ ಡಾಕ್ಟರ ಜೊತೆ ಮಾತಾಡಿ ಮೂರಕ್ಕೆ ಹೋಗಬಹುದು. ನಿರ್ಧರಿಸಬೇಕಾದದ್ದು ಚರ್ಮ, ಗೋಡೆ ಗಡಿಯಾರವಲ್ಲ.

ತಿರುಗಿಸುವ ರೀತಿ ಹೀಗೆ. ಇಬ್ಬರು ಬೇಕು, ಒಬ್ಬರಿಂದ ಬೇಡ. ರೋಗಿಯ ಕೆಳಗೆ ಭುಜದಿಂದ ತೊಡೆಯವರೆಗೆ ಡ್ರಾ ಶೀಟ್ (ಎತ್ತಿ ಸರಿಸಲು ಹಾಸುವ ಅಡ್ಡ ಬಟ್ಟೆ) ಇರಲಿ. ವೆಂಟಿಲೇಟರ್ ಟ್ಯೂಬು, ಸೆಂಟ್ರಲ್ ಲೈನು, ಮೂತ್ರದ ನಳಿಗೆ ಎಲ್ಲವನ್ನೂ ಮೊದಲು ಸಡಿಲ ಮಾಡಿಕೊಳ್ಳಿ. ಒಬ್ಬರು ತಲೆ, ಟ್ಯೂಬು ಹಿಡಿಯುವವರು. ಡ್ರಾ ಶೀಟಿನಿಂದ ಎತ್ತಿ ಸರಿಸಿ, ಕಂಕುಳಿಗೆ ಕೈ ಹಾಕಿ ಎಳೆಯಬೇಡಿ. ಬೆನ್ನ ಹಿಂದೆ ದಿಂಬು ಕೊಟ್ಟು ಮೈಯನ್ನು 30 ಡಿಗ್ರಿಯಷ್ಟೇ ವಾಲಿಸಿ. ನೇರ ಮಗ್ಗುಲಿಗೆ, ಅಂದರೆ 90 ಡಿಗ್ರಿಗೆ ಮಲಗಿಸಿದರೆ ಪೂರ್ತಿ ಭಾರ ಸೊಂಟದ ಪಕ್ಕದ ಮೂಳೆಯ ಮೇಲೆ ಬಿದ್ದು ಅಲ್ಲೇ ಹೊಸ ಹುಣ್ಣಾಗುತ್ತದೆ. ಆದ ಮೇಲೆ ಕೈಯನ್ನು ಬೆನ್ನಿನ ಬುಡದ ಕೆಳಗೆ ತೂರಿಸಿ ನೋಡಿ. ಮೂಳೆ ಹಾಸಿಗೆಗೆ ತಾಗುತ್ತಿದ್ದರೆ ನೀವು ತಿರುಗಿಸಿದ್ದು ಲೆಕ್ಕಕ್ಕಿಲ್ಲ. ಚಾರ್ಟಿನಲ್ಲಿ "ಎಡ ಮಗ್ಗುಲು" ಎಂದಿದ್ದು, ರೋಗಿಯ ಸೊಂಟ ಮಾತ್ರ ಅಂಗಾತವೇ ಉಳಿದಿರುವುದು ಎಲ್ಲ ಕಡೆ ಕಾಣುವ ದೃಶ್ಯ.

ಇಲ್ಲೊಂದು ಇಕ್ಕಟ್ಟು ಇದೆ. ವೆಂಟಿಲೇಟರ್ ಇದ್ದವರಿಗೆ ನ್ಯುಮೋನಿಯಾ ತಡೆಯಲು ತಲೆಭಾಗ 30ರಿಂದ 45 ಡಿಗ್ರಿ ಎತ್ತಿರಬೇಕು ಎನ್ನುತ್ತಾರೆ. ಬೆನ್ನಿನ ಬುಡದ ದೃಷ್ಟಿಯಿಂದ 30 ದಾಟಬಾರದು. ಎರಡಕ್ಕೂ ಒಪ್ಪಿಗೆಯಾಗುವ ಜಾಗ 30. ಎತ್ತುವ ಮೊದಲು ಮೊಣಕಾಲ ಭಾಗ ಸ್ವಲ್ಪ ಎತ್ತಿ, ಆಮೇಲೆ ತಲೆ ಎತ್ತಿ, ಆಗ ಜಾರುವುದು ಕಡಿಮೆ. ಎತ್ತಿದ ಮೇಲೆ ರೋಗಿಯ ಬೆನ್ನನ್ನು ಒಮ್ಮೆ ಹಾಸಿಗೆಯಿಂದ ಬಿಡಿಸಿ ಮತ್ತೆ ಒರಗಿಸಿ. ಅಂಟಿಕೊಂಡ ಚರ್ಮ ತನ್ನ ಜಾಗಕ್ಕೆ ಬರುತ್ತದೆ. ಅರ್ಧ ನಿಮಿಷದ ಈ ಕೆಲಸ ಬಹುತೇಕರು ಮಾಡುವುದೇ ಇಲ್ಲ.

5. ಹಿಮ್ಮಡಿ ಗಾಳಿಯಲ್ಲಿ ಇರಲಿ. ದಿಂಬನ್ನು ಅಡ್ಡಕ್ಕಲ್ಲ, ಉದ್ದಕ್ಕೆ, ಮೀನಖಂಡದ ಕೆಳಗೆ ಇಡಿ. ಹಿಮ್ಮಡಿ ದಿಂಬಿನ ಅಂಚಿನಾಚೆ ಇಳಿಬಿದ್ದಿರಬೇಕು. ಮೊಣಕಾಲು ತುಸು ಬಾಗಿರಲಿ.

6. ನಳಿಗೆಗಳ ಕೆಳಗೆ ನೋಡಿ. ಐಸಿಯು ಹುಣ್ಣುಗಳಲ್ಲಿ ಹಲವು ಮಲಗಿದ್ದರಿಂದ ಆದವಲ್ಲ, ನಾವೇ ಕಟ್ಟಿದ್ದರಿಂದ ಆದವು. ಬಾಯಲ್ಲಿನ ಟ್ಯೂಬನ್ನು ಪಾಳಿಗೊಮ್ಮೆ ತುಟಿಯ ಒಂದು ಮೂಲೆಯಿಂದ ಇನ್ನೊಂದಕ್ಕೆ ಬದಲಿಸಿ, ಕಟ್ಟಿದ ದಾರ ಕೆನ್ನೆ, ಕಿವಿಯ ಮೇಲೆ ಕೊರೆಯುತ್ತಿದೆಯೇ ನೋಡಿ. ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬ್ ಮೂಗಿನ ಹೊಳ್ಳೆಯನ್ನು ಮೇಲಕ್ಕೆ ಎತ್ತಿ ಹಿಡಿಯಬಾರದು, ಕೆಳಮುಖವಾಗಿ ಇಳಿಬಿಟ್ಟು ಅಂಟಿಸಿ. ಉಸಿರಿಗೆ ನೆರವಾಗುವ ಬೈಪ್ಯಾಪ್ ಮಾಸ್ಕ್ ಮೂಗಿನ ಏಣನ್ನು ಕೊರೆಯುತ್ತದೆ. ಹಾಕುವ ಮೊದಲೇ ಅಲ್ಲಿ ತೆಳು ಫೋಮ್ ಪಟ್ಟಿ ಇಡಿ, ಬೆಲ್ಟನ್ನು ಗಾಳಿ ಸೋರದಷ್ಟೇ ಬಿಗಿಯಿರಿ. ಬೆರಳಿನ ಆಕ್ಸಿಜನ್ ಕ್ಲಿಪ್ ನಾಲ್ಕು ತಾಸಿಗೊಮ್ಮೆ ಬೆರಳು ಬದಲಿಸಲಿ, ನಾರಡ್ರಿನಲಿನ್ ಓಡುತ್ತಿದ್ದರೆ ಎರಡು ತಾಸಿಗೆ. ಬಿಪಿ ಪಟ್ಟಿ, ಮೂತ್ರದ ನಳಿಗೆ, ಇಸಿಜಿ ತಂತಿ, ಸಿರಿಂಜಿನ ಮುಚ್ಚಳ ಯಾವುದೂ ಮೈ ಕೆಳಗೆ ಇರಬಾರದು. ಕುತ್ತಿಗೆಯ ಗಟ್ಟಿ ಕಾಲರ್ ಇದ್ದರೆ ಗದ್ದ, ತಲೆಯ ಹಿಂಭಾಗ ಎರಡೂ ಅಪಾಯದ ಜಾಗ. ಒಬ್ಬರು ತಲೆ ಅಲುಗದಂತೆ ಹಿಡಿದು ಇನ್ನೊಬ್ಬರು ತೆರೆದು ನೋಡಬೇಕು. ಕಾಲರ್ ಇನ್ನೂ ಬೇಕೇ ಎಂದು ರೌಂಡ್ಸಿನಲ್ಲಿ ದಿನಾ ಕೇಳಿ. ಯಾರೂ ಕೇಳದಿದ್ದರೆ ಅದು ಹಾಗೇ ಉಳಿಯುತ್ತದೆ.

ಬೋರಲು ಮಲಗಿಸುವ ಚಿಕಿತ್ಸೆ ಕೋವಿಡ್ ಕಾಲದಲ್ಲಿ ಎಲ್ಲರಿಗೂ ಪರಿಚಯವಾಯಿತು. ಅದರಲ್ಲಿ ಅಪಾಯದ ಜಾಗಗಳೂ ಬೋರಲಾಗುತ್ತವೆ: ಹಣೆ, ಕೆನ್ನೆ, ಗದ್ದ, ಎದೆ, ಮೊಣಕಾಲು, ಕಾಲ್ಬೆರಳು. ಮುಖವನ್ನು ಎರಡರಿಂದ ನಾಲ್ಕು ತಾಸಿಗೊಮ್ಮೆ ಇನ್ನೊಂದು ಬದಿಗೆ ತಿರುಗಿಸಬೇಕು.

7. ತೇವ ನಿಲ್ಲಬಾರದು. ಗೋವೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಒಣಗುವುದಿಲ್ಲ, ಗೋಡೆಯೂ ಬೆವರುತ್ತದೆ. ಐಸಿಯುನಲ್ಲಿ ಏಸಿ ಇದೆ, ನಮಗೇನು ಎನ್ನಬೇಡಿ. ರೆಕ್ಸಿನ್ ಹೊದಿಕೆಯ ಹಾಸಿಗೆಗೆ ಅಂಟಿದ ಬೆನ್ನಿಗೆ ಏಸಿ ಗಾಳಿ ತಾಗುವುದಿಲ್ಲ, ಮೇಲಾಗಿ ವಾರ್ಡಿಗೆ ಕಳಿಸಿದ ಮೇಲೆ ಫ್ಯಾನ್ ಒಂದೇ ಗತಿ. ನೆನೆದ ಚರ್ಮ ಮೆತ್ತಗಾಗಿ ಸಣ್ಣ ತಿಕ್ಕಾಟಕ್ಕೂ ಕಿತ್ತು ಬರುತ್ತದೆ. ಭೇದಿಯಾದರೆ ಗೊತ್ತಾದ ಕೂಡಲೇ ಒರೆಸಿ. ಗಡಸು ಸೋಪು ಬೇಡ, ಮೃದು ಕ್ಲೆನ್ಸರ್ ಅಥವಾ ಉಗುರು ಬೆಚ್ಚಗಿನ ನೀರು ಸಾಕು. ತಿಕ್ಕದೆ ಒತ್ತಿ ಒತ್ತಿ ಒಣಗಿಸಿ. ಮೇಲೆ ಜಿಂಕ್ ಆಕ್ಸೈಡ್ ಅಥವಾ ಡೈಮೆಥಿಕೋನ್ ಇರುವ ತಡೆ ಮುಲಾಮನ್ನು ತೆಳ್ಳಗೆ ಹಚ್ಚಿ. ಮುಂದಿನ ಸಲ ಒರೆಸುವಾಗ ಮುಲಾಮು ಪೂರ್ತಿ ಕೆರೆದು ತೆಗೆಯಬೇಕಿಲ್ಲ, ಕೊಳೆಯಾದ ಮೇಲ್ಪದರ ಹೋದರೆ ಸಾಕು.

ಒಂದು ವ್ಯತ್ಯಾಸ ತಿಳಿದಿರಲಿ. ಮಲಮೂತ್ರದಿಂದ ಚರ್ಮ ಸುಟ್ಟಂತಾದರೆ ಅದು ತೊಡೆಸಂದು, ಪೃಷ್ಠದ ಮಡಿಕೆಗಳಲ್ಲಿ ಅಂಚಿಲ್ಲದೆ ಹರಡಿರುತ್ತದೆ. ಒತ್ತಡದ ಹುಣ್ಣು ಮೂಳೆಯ ಮೇಲೇ ಇರುತ್ತದೆ, ಅಂಚು ಸ್ಪಷ್ಟವಾಗಿರುತ್ತದೆ. ಮುಲಾಮು ಮೊದಲನೆಯದಕ್ಕೆ ಮದ್ದು, ಎರಡನೆಯದಕ್ಕೆ ಭಾರ ಇಳಿಸುವುದೇ ಮದ್ದು.

8. ಹಾಸಿಗೆಯನ್ನು ಕೈಯಿಂದ ಪರೀಕ್ಷಿಸಿ. ಏರ್ ಬೆಡ್ ಹಾಕಿದ್ದೇವೆ ಎಂಬ ನೆಮ್ಮದಿ ಬಹಳ ಹುಣ್ಣುಗಳಿಗೆ ಕಾರಣ. ಅಂಗೈ ಮೇಲೆ ಮಾಡಿ, ರೋಗಿಯ ಬೆನ್ನಿನ ಬುಡ ಇರುವ ಕಡೆ ಏರ್ ಬೆಡ್ಡಿನ ಕೆಳಗೆ ತೂರಿಸಿ. ನಿಮ್ಮ ಕೈಗೂ ಅವನ ಮೂಳೆಗೂ ನಡುವೆ ಒಂದಿಂಚು ಗಾಳಿಯಾದರೂ ಇರಬೇಕು. ಮೂಳೆ ಕೈಗೆ ಒತ್ತಿದರೆ ಗಾಳಿ ಸಾಲದು. ರೋಗಿಯ ತೂಕಕ್ಕೆ ಪಂಪಿನ ತಿರುಪು ಹೊಂದಿಸಿದೆಯೇ, ಪೈಪು ಮಂಚದ ಚಕ್ರಕ್ಕೆ ಸಿಕ್ಕಿದೆಯೇ ನೋಡಿ. ಮೇಲೆ ಹಾಸುವುದು ಒಂದೇ ಬೆಡ್‌ಶೀಟು ಮತ್ತು ತಿರುಗಿಸಲು ಬೇಕಾದ ಡ್ರಾ ಶೀಟು, ಅವೂ ಬಿಗಿಯಾಗಿ ಎಳೆದು ಕಟ್ಟದೆ. ಶೀಟು, ಮ್ಯಾಕಿಂಟೋಷ್ (ರಬ್ಬರ್ ಹಾಳೆ), ಡ್ರಾ ಶೀಟು, ಪ್ಯಾಡು, ಡೈಪರ್ ಎಂದು ಐದು ಪದರ ಹಾಕಿದರೆ ಏರ್ ಬೆಡ್ ಇದ್ದೂ ಇಲ್ಲದಂತೆ.

ಬೆನ್ನಿನ ಬುಡಕ್ಕೂ ಹಿಮ್ಮಡಿಗೂ ಹುಣ್ಣಾಗುವ ಮೊದಲೇ ಸಿಲಿಕೋನ್ ಫೋಮ್ ಡ್ರೆಸ್ಸಿಂಗ್ ಅಂಟಿಸುವ ಪದ್ಧತಿಗೆ ಒಳ್ಳೆಯ ಆಧಾರ ಇದೆ. ಆಸ್ಟ್ರೇಲಿಯಾದ ಐಸಿಯು ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಹುಣ್ಣು ಸ್ಪಷ್ಟವಾಗಿ ಕಡಿಮೆಯಾಯಿತು. ದುಬಾರಿ, ನಿಜ. ಎಲ್ಲರಿಗೂ ಸಾಧ್ಯವಿಲ್ಲದಿದ್ದರೆ ದೂರದಿಂದ ಬಂದವರಿಗೆ, ನಾರಡ್ರಿನಲಿನ್ ಮೇಲಿರುವವರಿಗೆ ಮೊದಲು ಹಾಕಿ. ದಿನಾ ಅಂಚು ಎತ್ತಿ ಒಳಗೆ ನೋಡಿ ಮತ್ತೆ ಅಂಟಿಸುವುದನ್ನು ಮರೆಯಬೇಡಿ.

9. ಗಂಜಿ ತಿಳಿಯಿಂದ ಮಾಂಸ ಬೆಳೆಯುವುದಿಲ್ಲ. ಟ್ಯೂಬಿನಲ್ಲಿ ಊಟ ಶುರುವಾದಾಗ ಮನೆಯವರು ಆಸೆಯಿಂದ ಗಂಜಿ ತಿಳಿ, ಎಳನೀರು ತರುತ್ತಾರೆ. ಹುಣ್ಣು ತಡೆಯುವ ದೇಹಕ್ಕೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಕದವನಿಗೆ 72ರಿಂದ 90 ಗ್ರಾಂ. 50 ಗ್ರಾಂ ಅಕ್ಕಿಯ ಗಂಜಿಯಲ್ಲಿ ಹೆಚ್ಚೆಂದರೆ 4 ಗ್ರಾಂ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಲೆಕ್ಕ ನಿಮಗೇ ತಿಳಿಯುತ್ತದೆ. ಡಯಟೀಷಿಯನ್ ಬರೆದುಕೊಟ್ಟ ಅಳತೆ ನಿಜವಾಗಿ ಒಳಗೆ ಹೋಗುತ್ತಿದೆಯೇ ನೋಡಿ. ಸ್ಕ್ಯಾನಿಗೆ ಹೋಗಬೇಕು, ಪ್ರೊಸೀಜರ್ ಇದೆ ಎಂದು ನಿಲ್ಲಿಸಿದ ಫೀಡು ಮತ್ತೆ ಶುರುವಾಗದೆ ಸಂಜೆಯಾಗಿರುತ್ತದೆ. ಕಿಡ್ನಿ ತೊಂದರೆ ಇದ್ದವರ ಲೆಕ್ಕ ಬೇರೆ, ಅದನ್ನು ಡಾಕ್ಟರೇ ಹೇಳಬೇಕು.

10. ಹ್ಯಾಂಡೋವರ್ ಮಂಚದ ಬಳಿಯೇ ಆಗಲಿ. ಪಾಳಿ ಬದಲಾಗುವಾಗ ಹೋಗುವವರೂ ಬರುವವರೂ ಸೇರಿ ಒಮ್ಮೆ ರೋಗಿಯನ್ನು ತಿರುಗಿಸಿ ಬೆನ್ನು ನೋಡಿದರೆ ಎರಡು ಕೆಲಸ ಒಟ್ಟಿಗೆ ಮುಗಿಯುತ್ತದೆ. "ಸ್ಕಿನ್ ಓಕೆ" ಎಂದು ಸ್ಟೇಷನ್ನಿನಲ್ಲಿ ಕೂತು ಹೇಳುವುದು ಹ್ಯಾಂಡೋವರ್ ಅಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಕೆಂಪಾದ ಜಾಗವನ್ನು ತಿಕ್ಕುವುದು. ರಕ್ತ ಓಡಾಡಲಿ ಎಂದು ಕೊಬ್ಬರಿ ಎಣ್ಣೆ ಹಾಕಿ ಮಸಾಜ್ ಮಾಡುತ್ತಾರೆ. ಒಳಗೆ ಆಗಲೇ ಹರಿದ ನಾಳಗಳು ಇನ್ನಷ್ಟು ಹರಿಯುತ್ತವೆ. ಒಣ ಕೈಕಾಲಿಗೆ ಎಣ್ಣೆ ಸವರಿದರೆ ತೊಂದರೆ ಇಲ್ಲ, ಕೆಂಪಾದಲ್ಲಿ ಕೈ ಇಡಬೇಡಿ.

ಸ್ಪಿರಿಟ್ ಮತ್ತು ಪೌಡರ್. ಬ್ಯಾಕ್ ಕೇರ್ ಎಂದರೆ ಸ್ಪಿರಿಟ್ ಹಚ್ಚಿ ಪೌಡರ್ ಉದುರಿಸುವುದು ಎಂದು ಎಷ್ಟೋ ವರ್ಷ ಕಲಿಸಿದರು. ಸ್ಪಿರಿಟ್ ಚರ್ಮವನ್ನು ಒಣಗಿಸಿ ಬಿರಿಸುತ್ತದೆ, ಪೌಡರ್ ಬೆವರಿನಲ್ಲಿ ಗಂಟು ಕಟ್ಟಿ ಕೊರೆಯುತ್ತದೆ. ಹಿರಿಯ ಸಿಸ್ಟರ್ ಹೇಳಿದರು ಎಂಬುದು ಇಲ್ಲಿ ಕಾರಣವಾಗಬಾರದು.

ರಿಂಗ್ ದಿಂಬು, ನೀರು ತುಂಬಿದ ಗ್ಲೌಸು. ನಡುವೆ ತೂತಿರುವ ದಿಂಬು ಅಂಚಿನ ಸುತ್ತ ಒತ್ತಿ ನಡುವಿನ ಭಾಗಕ್ಕೆ ರಕ್ತವೇ ಬರದಂತೆ ಮಾಡುತ್ತದೆ. ಹಿಮ್ಮಡಿ ಕೆಳಗಿನ ನೀರಿನ ಗ್ಲೌಸೂ ಭಾರ ಇಳಿಸುವುದಿಲ್ಲ. ಎರಡೂ ಬೇಡ.

ಏರ್ ಬೆಡ್ ಇದೆ ಎಂದು ತಿರುಗಿಸುವುದನ್ನೇ ಬಿಡುವುದು. ರಾತ್ರಿ ಪಾಳಿಯಲ್ಲಿ ಇದು ಹೆಚ್ಚು.

ಮಾಡದ ಮಗ್ಗುಲನ್ನು ಚಾರ್ಟಿನಲ್ಲಿ ತುಂಬುವುದು. ಕೆಲಸದ ಒತ್ತಡ ಅರ್ಥವಾಗುತ್ತದೆ. ಒಬ್ಬ ನರ್ಸ್ ಕೈಯಲ್ಲಿ ಇಬ್ಬರು ಮೂವರು ವೆಂಟಿಲೇಟರ್ ರೋಗಿಗಳಿದ್ದರೆ ಎರಡು ತಾಸಿನ ಲೆಕ್ಕ ತಪ್ಪುವುದೇ ಸಹಜ. ಆದರೆ ತಪ್ಪಿದ್ದನ್ನು ತಪ್ಪಿದೆ ಎಂದೇ ಬರೆದರೆ ಇನ್ನೊಬ್ಬ ನರ್ಸ್ ಬೇಕು ಎಂದು ಕೇಳಲು ಆ ಕಾಗದವೇ ಸಾಕ್ಷಿ. ಸುಳ್ಳು ತುಂಬಿದ ಚಾರ್ಟ್ ನೋಡಿದ ಆಡಳಿತಕ್ಕೆ ಇರುವ ಜನವೇ ಸಾಕು ಎಂದು ಕಾಣುತ್ತದೆ.

ಎಚ್ಚರಿಕೆ

ಬೆನ್ನುಮೂಳೆ ಮುರಿದಿರುವ ಅನುಮಾನ, ಸೊಂಟದ ಮೂಳೆ ಮುರಿತ, ತಲೆಯೊಳಗಿನ ಒತ್ತಡ ಹೆಚ್ಚಿರುವುದು, ಹೊಟ್ಟೆ ಅಥವಾ ಎದೆ ತೆರೆದಿಟ್ಟ ಆಪರೇಷನ್ ಇದ್ದರೆ ಡಾಕ್ಟರು ಹೇಳದೆ ತಿರುಗಿಸಬೇಡಿ. ಹಾಗೆಂದು ಏನೂ ಮಾಡದೆಯೂ ಇರಬೇಡಿ. ತಲೆಯ ಹಿಂಭಾಗ ತುಸು ಎತ್ತಿ ಜಾಗ ಬದಲಿಸುವುದು, ಒಂದು ಭುಜದ ಕೆಳಗೆ ಮಡಿಚಿದ ಸಣ್ಣ ಟವೆಲು ಇಟ್ಟು ತೆಗೆಯುವುದು, ಹಿಮ್ಮಡಿ ಎತ್ತುವುದು ಇಂಥ ಸಣ್ಣ ಬದಲಾವಣೆಗಳು ಎಷ್ಟು ಸಾಧ್ಯ ಎಂದು ಕೇಳಿ ಬರೆಸಿಕೊಳ್ಳಿ.

ತಿರುಗಿಸಿದ ಕೂಡಲೇ ಬಿಪಿ, ಆಕ್ಸಿಜನ್ ಸ್ವಲ್ಪ ಇಳಿಯುವುದುಂಟು. ನಿಧಾನವಾಗಿ ತಿರುಗಿಸಿದರೆ ಹೆಚ್ಚಿನವರಲ್ಲಿ 5ರಿಂದ 10 ನಿಮಿಷದಲ್ಲಿ ಸರಿಹೋಗುತ್ತದೆ. ಎಷ್ಟಕ್ಕೆ ಇಳಿದರೆ ಹಿಂದೆ ತಿರುಗಿಸಬೇಕು ಎಂಬ ಅಂಕಿಯನ್ನು ಡಾಕ್ಟರಿಂದ ಮೊದಲೇ ತಿಳಿದಿಟ್ಟುಕೊಳ್ಳಿ. ಒಮ್ಮೆ ಬಿಪಿ ಇಳಿದ ರೋಗಿಯನ್ನು ಇನ್ನು ತಿರುಗಿಸಲೇಬಾರದು ಎಂದು ಬಿಟ್ಟರೆ ಮೂರು ದಿನದಲ್ಲಿ ಬೆನ್ನು ಹೋಗಿರುತ್ತದೆ. ಎಂಟು ತಾಸಿಗೊಮ್ಮೆಯಾದರೂ ಮತ್ತೆ ಪ್ರಯತ್ನಿಸಿ.

ಹೊರಗೆ ಕಾಯುವವರಿಗೆ

ವಾಸ್ಕೊ, ಜುವಾರಿನಗರ, ಮಾಪುಸಾ ಕಡೆ ದುಡಿಯಲು ಬಂದ ಉತ್ತರ ಕರ್ನಾಟಕದ ಕುಟುಂಬಗಳು ಸಾಕಷ್ಟಿವೆ. ಅವರ ಮನೆಯ ಹಿರಿಯರಿಗೆ ಕನ್ನಡ ಬಿಟ್ಟು ಬೇರೆ ಬಾರದಿರಬಹುದು. ಗಂಟಲಲ್ಲಿ ಟ್ಯೂಬ್ ಇದ್ದರಂತೂ ಅದೂ ಇಲ್ಲ. ಸಿಸ್ಟರ್ ಕೊಂಕಣಿಯವರೋ ಮಲಯಾಳದವರೋ ಆಗಿದ್ದರೆ ನೋವಿನ ಮಾತು ಮುಟ್ಟುವುದೇ ಇಲ್ಲ. ಒಂದು ಹಾಳೆಯಲ್ಲಿ ಮನುಷ್ಯನ ಮೈಯ ಚಿತ್ರ ಬರೆದು, ಬೆನ್ನು, ಹಿಮ್ಮಡಿ, ತಲೆಗಳಿಗೆ ಗುರುತು ಹಾಕಿ, "ನೋವು", "ತಿರುಗಿಸಿ", "ಒದ್ದೆ" ಎಂದು ದೊಡ್ಡಕ್ಷರದಲ್ಲಿ ಕನ್ನಡದಲ್ಲೂ ದೇವನಾಗರಿಯಲ್ಲೂ ಬರೆದುಕೊಡಿ. ಎಚ್ಚರ ಬಂದ ರೋಗಿ ಬೆರಳಿಟ್ಟು ತೋರಿಸಬಲ್ಲ.

ಭೇಟಿಯ ಹೊತ್ತಿನಲ್ಲಿ ಸಿಟ್ಟಿನಿಂದಲ್ಲ, ಮೆಲ್ಲಗೆ ಕೇಳಿ: "ಸಿಸ್ಟರ್, ಇವತ್ತು ಬೆನ್ನು ಹೇಗಿದೆ?" ದಿನಾ ಯಾರೋ ಕೇಳುವ ರೋಗಿಯ ಬೆನ್ನನ್ನು ದಿನಾ ಯಾರೋ ನೋಡುತ್ತಾರೆ, ಇದು ಮನುಷ್ಯ ಸ್ವಭಾವ. ನೀವಾಗಿ ಎತ್ತಲು, ಎಳೆಯಲು ಹೋಗಬೇಡಿ.

ಊರಿಗೆ ಮರಳುವ ದಿನವೂ ಅಪಾಯದ ದಿನವೇ. ಡಿಸ್ಚಾರ್ಜ್ ಕಾಗದಕ್ಕೆ ಓಡಾಡುವಾಗ ರೋಗಿ ಟ್ರಾಲಿಯ ಮೇಲೆ ಬಿದ್ದಿರುತ್ತಾನೆ, ಆಮೇಲೆ ಮತ್ತೆ ಮೂರು ತಾಸು ವಾಹನ. ವಾಹನ ಬಂದ ಮೇಲೇ ರೋಗಿಯನ್ನು ಹಾಸಿಗೆಯಿಂದ ಇಳಿಸಿ. ಸ್ಟ್ರೆಚರ್ ಮೇಲೆ ಫೋಮ್ ಹಾಸಿ, ಬೆನ್ನ ಹಿಂದೆ ದಿಂಬು ಕೊಟ್ಟು ವಾಲಿಸಿ, ಹಿಮ್ಮಡಿ ಎತ್ತಿಡಿ. ದಾರಿಯಲ್ಲಿ ಎಲ್ಲಾದರೂ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇನ್ನೊಂದು ಬದಿಗೆ ವಾಲಿಸಲು ಚಾಲಕರಿಗೆ ಹೊರಡುವ ಮೊದಲೇ ಹೇಳಿ.

ಆಗಲೇ ಹುಣ್ಣಾಗಿದ್ದರೆ

ಆ ಜಾಗದ ಮೇಲೆ ಮತ್ತೆ ಮಲಗಿಸದಿರುವುದೇ ಮೊದಲ ಚಿಕಿತ್ಸೆ. ಚರ್ಮ ಒಡೆಯದ ನೇರಳೆ ಕಲೆ, ರಕ್ತ ತುಂಬಿದ ಬೊಬ್ಬೆ ಇದ್ದರೆ ಒಡೆಯಬೇಡಿ, ಡಾಕ್ಟರಿಗೆ ತೋರಿಸಿ. ಹಿಮ್ಮಡಿಯ ಮೇಲೆ ಒಣಗಿ ಗಟ್ಟಿಯಾದ ಕಪ್ಪು ಪೊರೆ, ಸುತ್ತ ಕೆಂಪಿಲ್ಲದೆ ಕೀವಿಲ್ಲದೆ ಇದ್ದರೆ, ಅದನ್ನೂ ಕಿತ್ತು ತೆಗೆಯಬೇಡಿ. ತೆರೆದ ಗಾಯಕ್ಕೆ ದಿನಾ ಬೆಟಾಡಿನ್, ಹೈಡ್ರೋಜನ್ ಪೆರಾಕ್ಸೈಡ್ ಸುರಿಯುವುದು ಹೊಸದಾಗಿ ಬೆಳೆಯುವ ಮಾಂಸವನ್ನೂ ಸುಡುತ್ತದೆ. ಡಾಕ್ಟರು ಬೇರೆ ಹೇಳದಿದ್ದರೆ ಸಲೈನಿನಿಂದ ತೊಳೆದು ತೇವ ಕಾಯುವ ಡ್ರೆಸ್ಸಿಂಗ್ ಹಾಕಿದರೆ ಸಾಕು.

ಮನೆಗೆ ಬಂದ ಮೇಲೆ ಜ್ವರ, ಕೆಟ್ಟ ವಾಸನೆ, ಕೀವು, ಗಾಯದ ಸುತ್ತ ಹರಡುವ ಕೆಂಪು ಮತ್ತು ಬಿಸಿ, ತಳದಲ್ಲಿ ಬಿಳಿ ಮೂಳೆ ಕಾಣುವುದು, ಇದ್ದಕ್ಕಿದ್ದಂತೆ ಮಂಕಾಗುವುದು ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆ, ಗೋವೆಯಲ್ಲಿರುವವರಾದರೆ ಮಡಗಾಂವ ಅಥವಾ ಮಾಪುಸಾದ ಜಿಲ್ಲಾ ಆಸ್ಪತ್ರೆ, ಹತ್ತಿರ ಯಾವುದಿದೆಯೋ ಅಲ್ಲಿಗೆ ಹೋಗಿ. ಹೋಗುವಾಗ ಡಿಸ್ಚಾರ್ಜ್ ಕಾಗದದ ಜೊತೆ, ವಾರಕ್ಕೊಮ್ಮೆ ಸ್ಕೇಲು ಪಕ್ಕಕ್ಕಿಟ್ಟು ತೆಗೆದ ಗಾಯದ ಫೋಟೋಗಳು ಮೊಬೈಲಿನಲ್ಲಿರಲಿ. ಗಾಯ ಹಿಗ್ಗುತ್ತಿದೆಯೋ ಕುಗ್ಗುತ್ತಿದೆಯೋ ಎಂದು ಹೊಸ ಡಾಕ್ಟರಿಗೆ ಅವನ್ನು ನೋಡಿದರೆ ಕೂಡಲೇ ತಿಳಿಯುತ್ತದೆ.